ಎಡಕ್ಕೆ ಮೂರು ಸುತ್ತಿನ ಗಂಟು

ಬೆಳಗಿನ ಆರೂಕಾಲು. ಮುಂಬೈ ಬಳಿಯ ಅಂಬರನಾಥದ ಕೈಗಾರಿಕಾ ವಸಾಹತಿನ ಒಳರಸ್ತೆಯಲ್ಲಿ ನಾಯಿಗಳು ಕೂಡ ಇನ್ನೂ ಮೈಮುರಿದು ಎದ್ದಿಲ್ಲ. ಚಹಾಪುಡಿ ಬೆರೆಸಿ ಪ್ಯಾಕ್ ಮಾಡುವ ಪುಟ್ಟ ಕಾರ್ಖಾನೆಯೊಂದರ ಶಟರ್ ಅರ್ಧ ಮೇಲೆದ್ದಿದೆ. ಒಳಗೆ, ಪೂರ್ವದ ಕಿಟಕಿಯ ಕೆಳಗೆ, ಮಣೆಯ ಮೇಲೆ ಐವತ್ತೆರಡರ ಅಲಮೇಲು ಕೂತಿದ್ದಾರೆ. ಎದುರಿಗೆ ಬಾಯಿ ಬಿಚ್ಚಿದ ಚೀಲ. ಮೊಣಕೈ ಮುಳುಗುವ ತನಕ ಎಡಗೈಯನ್ನು ಒಳಗಿಳಿಸಿ, ತಳದಿಂದ ಒಂದು ಹಿಡಿ ಪುಡಿ ಮೇಲೆತ್ತುತ್ತಾರೆ. ಮೇಲುಮೇಲಿನ ಪುಡಿಯನ್ನು ಅವರು ನಂಬುವುದಿಲ್ಲ.

"ಮೇಲೆ ಯಾವಾಗ್ಲೂ ಒಳ್ಳೇದೇ ಇಟ್ಟಿರ್ತಾರೆ. ಕೆಟ್ಟದ್ದನ್ನ ಯಾರಾದ್ರೂ ಮೇಲೆ ಇಡ್ತಾರಾ?" ಎಂದು ಕೇಳುತ್ತಾರೆ. ಕೇಳುವ ಧಾಟಿ ಹೇಗಿದೆಯೆಂದರೆ, ಎದುರಿಗಿದ್ದವರೇ ಎಲ್ಲೋ ತಳದಲ್ಲಿ ಏನೋ ತುಂಬಿಟ್ಟು ಬಂದಿರಬೇಕು ಅನ್ನಿಸಿಬಿಡುತ್ತದೆ.

ಹಿಡಿಯ ಮೇಲೆ 'ಹಾ' ಎಂದು ಬಿಸಿಯುಸಿರು ಬಿಟ್ಟು ಮೂಗಿನ ಬಳಿ ತರುತ್ತಾರೆ. ಹೆಬ್ಬೆರಳು ತೋರುಬೆರಳಿನ ನಡುವೆ ಹೊಸಕುತ್ತಾರೆ. ಆಮೇಲೆ ಒದ್ದೆ ಮಾಡಿದ ಬಿಳಿ ಬಟ್ಟೆಯ ಮೇಲೆ ಒಂದು ಚಿಟಿಕೆ ಉದುರಿಸಿ, ತುಟಿ ಅಲುಗಿಸುತ್ತ ಅರುವತ್ತರ ತನಕ ಎಣಿಸುತ್ತಾರೆ. ಅಸಲಿ ಚಹಾ ತಣ್ಣೀರಿಗೆ ಅಷ್ಟು ಬೇಗ ಬಾಯಿ ಬಿಡುವುದಿಲ್ಲ. ಒಮ್ಮೆ ಕುದಿಸಿ ಬಿಸಾಕಿದ ಚರಟವನ್ನು ಒಣಗಿಸಿ ಬಣ್ಣ ಕಟ್ಟಿದ್ದಾದರೆ ಇಪ್ಪತ್ತು ಎಣಿಸುವಷ್ಟರಲ್ಲಿ ಬಟ್ಟೆಯ ಮೇಲೆ ಹಳದಿಗೆಂಪು ಕಲೆ ಹಬ್ಬುತ್ತದೆ. ಎಲ್ಲ ಸರಿಯಿದ್ದರೆ ಚೀಲದ ಬಾಯಿ ಕಟ್ಟಿ, ಮೇಲೊಂದು ಕೆಂಪು ದಾರ ಸುತ್ತುತ್ತಾರೆ. ಎಡಕ್ಕೆ ಮೂರು ಸುತ್ತು, ತುದಿ ಒಳಗೆ. ಆ ದಾರ ಕಾಣದ ಚೀಲ ಬೆರಕೆಯ ಯಂತ್ರದ ಹತ್ತಿರ ಸುಳಿಯುವಂತಿಲ್ಲ. ದಿನಕ್ಕೆ ಮೂವತ್ತೈದು ಚೀಲ, ಒಂದೊಂದರಿಂದಲೂ ಮೂರು ಹಿಡಿ. ಡೊಂಬಿವಿಲಿ, ಠಾಣೆ, ವಾಶಿಯ ಎಷ್ಟೋ ಹೋಟೆಲುಗಳಲ್ಲಿ ಬೆಳಗಿನ ಮೊದಲ ಕಪ್ ಬಾಯಿಗಿಡುವವರಿಗೆ ಹೀಗೊಬ್ಬ ಹೆಂಗಸು ಇದ್ದಾರೆಂಬುದೇ ಗೊತ್ತಿಲ್ಲ.

ಅವರ ಬಗ್ಗೆ ಬರೆಯಲು ಪತ್ರಿಕೆಯಿಂದ ಬಂದವರಿಗೂ ಸುಲಭದ ಪ್ರವೇಶವಿಲ್ಲ. ಗುರುತಿನ ಚೀಟಿ ಕೇಳಿ ಇಸಿದುಕೊಂಡು, ಫೋಟೊವನ್ನೂ ಮುಖವನ್ನೂ ಎರಡೆರಡು ಸಲ ತಾಳೆ ನೋಡಿ, ಚೀಟಿಯನ್ನು ತಮ್ಮ ಮಣೆಯ ಕೆಳಗೇ ಸೇರಿಸಿಬಿಡುತ್ತಾರೆ. "ಹೋಗುವಾಗ ಕೊಡ್ತೀನಿ. ಅಲ್ಲೀ ತನಕ ಇಲ್ಲೇ ಇರ್ಲಿ." ಮೂಲೆಯಲ್ಲಿ ಯಾರೋ ಕಿಸಕ್ಕೆಂದು ನಗುತ್ತಾರೆ. ಅಲಮೇಲು ನಗುವುದಿಲ್ಲ.

ಈ ಅನುಮಾನ ಅವರಿಗೆ ಹುಟ್ಟಿನಿಂದ ಬಂದದ್ದಲ್ಲ, ತಕ್ಕಡಿ ಕಲಿಸಿದ್ದು. ಅವರು ಹುಟ್ಟಿದ್ದು ಕೊಡಗಿನ ದಕ್ಷಿಣದ ತುದಿಯ ಒಂದು ಟೀ ಎಸ್ಟೇಟಿನ ಲೈನ್ ಮನೆಯಲ್ಲಿ. ಒಂದೇ ಉದ್ದನೆಯ ಸೂರಿನ ಕೆಳಗೆ ಹತ್ತು ಸಂಸಾರ. ಒಂದು ಮನೆಯಲ್ಲಿ ಕೆಮ್ಮಿದರೆ ಹತ್ತೂ ಮನೆಗೆ ಎಚ್ಚರ. ಅಮ್ಮ ಎಲೆ ಕೀಳುತ್ತಿದ್ದಳು, ಅಜ್ಜಿಯೂ ಅದನ್ನೇ ಮಾಡಿದ್ದಳು. ಹದಿನೆಂಟು ತುಂಬಿದ ವರ್ಷ ಅಲಮೇಲು ಬೆನ್ನಿಗೂ ಚೀಲ ಬಂತು. ಎರಡೆಲೆ, ಒಂದು ಕುಡಿ. ದಿನಕ್ಕೆ ಇಪ್ಪತ್ನಾಲ್ಕು ಕಿಲೋ ಆಗಲೇಬೇಕು. ಸೊಂಟಕ್ಕೆ ಪ್ಲಾಸ್ಟಿಕ್ ಶೀಟು, ಬೆರಳು ಸೀಳದಂತೆ ಸೈಕಲ್ ಟ್ಯೂಬಿನ ತುಂಡು, ಕಾಲಿಗೆ ಜಿಗಣೆ ಹತ್ತದಂತೆ ಸುಣ್ಣ ಮತ್ತು ಹೊಗೆಸೊಪ್ಪು. ಇಷ್ಟೆಲ್ಲ ಮಾಡಿ ಸಂಜೆ ಕೊಕ್ಕೆ ತಕ್ಕಡಿಗೆ ಚೀಲ ನೇತುಹಾಕಿದರೆ, ಲೆಕ್ಕ ಬರೆಯುವ ರೈಟರ್ ಮುಳ್ಳಿನ ಕಡೆ ಸರಿಯಾಗಿ ನೋಡುವ ಮೊದಲೇ 'ನೀರಿನ ಭಾರ' ಎಂದು ಎರಡು ಕಿಲೋ ಕಳೆದುಬಿಡುತ್ತಿದ್ದ.

"ಮಳೆಗಾಲದಲ್ಲಿ ಸರಿ, ಎಲೆ ಒದ್ದೆ ಇರತ್ತೆ. ಮಾರ್ಚ್ ತಿಂಗಳ ಬಿಸಿಲಲ್ಲಿ ನೀರು ಎಲ್ಲಿಂದ ಬಂತು? ನಮ್ಮ ಬೆವರಾ?" ಮೂವತ್ತು ವರ್ಷ ಹಳೆಯ ಸಿಟ್ಟು, ಆದರೂ ಇವತ್ತಿಗೂ ಆ ಮಾತಿಗೆ ಅವರ ಮೂಗಿನ ಹೊಳ್ಳೆ ಅರಳುತ್ತದೆ.

ದಾರದ ಕತೆಯೂ ಅಲ್ಲಿಂದಲೇ ಬಂದದ್ದು. ತೂಕದ ಜಾಗದಲ್ಲಿ ನೂರು ಚೀಲ ಒಟ್ಟಿಗೆ ಬಿದ್ದಿರುತ್ತಿದ್ದವು. ಭರ್ತಿ ಚೀಲ ಯಾರದ್ದೋ ಹೆಸರಿಗೆ ಹೋಗಿ, ಅರೆಬರೆ ಚೀಲ ನಮ್ಮ ತಲೆಗೆ ಕಟ್ಟುವುದಕ್ಕೆ ಎಷ್ಟು ಹೊತ್ತು? ಅದಕ್ಕೇ ಹೆಂಗಸರು ತಂತಮ್ಮ ಹಳೇ ಸೀರೆಯ ಅಂಚು ಹರಿದು ಚೀಲದ ಬಾಯಿಗೆ ಗುರುತು ಕಟ್ಟುತ್ತಿದ್ದರು. ಅಲಮೇಲು ಎಡಚಿ, ಅವರ ಗಂಟು ಎಡಕ್ಕೆ ತಿರುಗುತ್ತಿತ್ತು. ಎಸ್ಟೇಟಿನಲ್ಲಿ ಹಾಗೆ ತಿರುಗುವ ಗಂಟು ಅದೊಂದೇ ಇತ್ತು.

ಅದರ ಜೊತೆಗೆ ಇನ್ನೊಂದು ರೂಢಿ. ಅದನ್ನು ಹೇಳುವಾಗ ಮಾತ್ರ ಅಲಮೇಲು ಮುಖದ ಬಿಗಿ ಸಡಿಲುತ್ತದೆ. ಸಾಲಿನಲ್ಲಿ ಯಾರಾದರೂ ಬಸುರಿಯಿದ್ದರೆ, ಜ್ವರ ಬಂದು ಪೊದೆಯ ಮರೆಯಲ್ಲಿ ಮಲಗಿದ್ದರೆ, ಅಕ್ಕಪಕ್ಕದವರು ತಮ್ಮ ಚೀಲದಿಂದ ಒಂದೊಂದು ಬೊಗಸೆ ಎಲೆ ತೆಗೆದು ಅವಳ ಚೀಲ ತುಂಬಿಸುತ್ತಿದ್ದರು. ಬಾಯಿಗೆ ಅವಳದ್ದೇ ಸೀರೆಯಂಚು ಕಟ್ಟಿ ತೂಕಕ್ಕೆ ಸಾಗಿಸುತ್ತಿದ್ದರು. ಮೇಸ್ತ್ರಿಗೆ ಗೊತ್ತಾಗಬಾರದು, ಮಾಡಿಸಿಕೊಂಡವಳು ಥ್ಯಾಂಕ್ಸ್ ಹೇಳಬಾರದು. "ನನ್ನ ಮಗಳು ಹೊಟ್ಟೇಲಿದ್ದಾಗ ನನಗೂ ಹದಿನೇಳು ದಿನ ಹಾಗೆ ಮಾಡಿದ್ರು. ಯಾರ್ಯಾರು ಅಂತ ಇವತ್ತಿಗೂ ನನಗೆ ಪೂರ್ತಿ ಗೊತ್ತಿಲ್ಲ."

ಎಸ್ಟೇಟಿನ ಫ್ಯಾಕ್ಟರಿ ಮುಚ್ಚಿದಾಗ, ಅಲ್ಲಿ ಎಲೆ ಬಾಡಿಸುವ ಕೆಲಸದಲ್ಲಿದ್ದ ಗಂಡ ಗುರುವಪ್ಪನ ಜೊತೆ ಈ ಕಡೆ ಬಂದರು. ಅದಾಗಿ ಹದಿನಾಲ್ಕು ವರ್ಷ. ಗುರುವಪ್ಪ ಕಳವಾ ಎಂಬಲ್ಲಿನ ರೈಲು ಶೆಡ್ಡಿನಲ್ಲಿ ಕಂತ್ರಾಟಿನ ಮೇಲೆ ಬೋಗಿ ತೊಳೆಯುತ್ತಾರೆ. ವಾಸಕ್ಕೆ ಅಲ್ಲೇ ಒಂದು ಖೋಲಿ, ಒಂದೇ ಕೋಣೆಯ ಮನೆ. ಮಗಳು ಮದುವೆಯಾಗಿ ಮೈಸೂರಿನಲ್ಲಿದ್ದಾಳೆ. ಊರೆಲ್ಲ ಮುಂಬೈ ಕಡೆಗೆ ಮುಗಿಬೀಳುವ ಹೊತ್ತಿಗೆ ಅಲಮೇಲು ಉಲ್ಟಾ ದಿಕ್ಕಿನ ಲೋಕಲ್ ಹತ್ತುತ್ತಾರೆ. ಕೂರಲು ಜಾಗ ಸಿಗುತ್ತದೆ. ಆದರೂ ಚೀಲ ಮಡಿಲಲ್ಲೇ, ಅದರ ಪಟ್ಟಿ ಕೈಗೆ ಎರಡು ಸುತ್ತು.

ಕಾರ್ಖಾನೆಯ ಯಜಮಾನರು ಗಣಪತಿ ರಾವ್, ಉಡುಪಿ ಕಡೆಯವರು. ಡೊಂಬಿವಿಲಿಯಲ್ಲಿ ಎರಡು ಹೋಟೆಲಿದೆ. ಪೇಟೆಯ ಚಹಾಪುಡಿಯಲ್ಲಿ ಮೋಸ ತಿಂದು ತಿಂದು ಸಾಕಾಗಿ, ಒಂಬತ್ತು ವರ್ಷದ ಹಿಂದೆ ತಾವೇ ಬೆರೆಸಲು ಶುರುಮಾಡಿದರು. ಕಸ ಗುಡಿಸಲು ಸೇರಿದ್ದ ಅಲಮೇಲು ಒಂದು ದಿನ ಪೊರಕೆ ಗೋಡೆಗೊರಗಿಸಿ, "ದೊರೆ, ಈ ಚೀಲದಲ್ಲಿರೋದು ಚಹಾ ಅಲ್ಲ" ಅಂದುಬಿಟ್ಟರಂತೆ. ಎಸ್ಟೇಟಿನ ಅಭ್ಯಾಸ, ಯಜಮಾನರನ್ನು ಈಗಲೂ ದೊರೆ ಎಂದೇ ಕರೆಯುತ್ತಾರೆ. ಪರೀಕ್ಷೆ ಮಾಡಿಸಿದರೆ ಆ ಮಾತು ನಿಜವಾಗಿತ್ತು. ಮರುದಿನವೇ ಕಿಟಕಿಯ ಕೆಳಗೆ ಮಣೆ ಬಿತ್ತು.

"ನನಗೆ ನನ್ನ ನೆರಳಿನ ಮೇಲೂ ಸಂಶಯವೇ ಮಾರಾಯ್ರೆ" ಎನ್ನುತ್ತಾರೆ ಗಣಪತಿ ರಾವ್. "ಆದ್ರೆ ಈ ಹೆಂಗಸಿನ ಸಂಶಯದ ಮೇಲೆ ಮಾತ್ರ ನಂಬಿಕೆ ಉಂಟು. ಆ ಕೆಂಪು ದಾರ ಕಂಡ್ರೆ ನಾನು ಚೀಲ ಬಿಚ್ಚಿ ನೋಡ್ಲಿಕ್ಕೇ ಹೋಗುವುದಿಲ್ಲ."

ಹೋದ ತಿಂಗಳು ಆ ನಂಬಿಕೆಯೇ ಅವರಿಗೆ ಕೈಕೊಡುವುದರಲ್ಲಿತ್ತು.

ಒಂದು ಸೋಮವಾರ ಬೆಳಿಗ್ಗೆ ಅಲಮೇಲು ಬಂದು ನೋಡುತ್ತಾರೆ, ಬೆರಕೆ ಯಂತ್ರದ ಮುಂದೆ ಕೆಂಪು ದಾರದ ಚೀಲಗಳು ಸಾಲಾಗಿ ನಿಂತಿವೆ. ಅವುಗಳಲ್ಲಿ ಹನ್ನೊಂದು ಚೀಲದ ಗಂಟು ಬಲಕ್ಕೆ ತಿರುಗಿದೆ. ಅದೇ ದಾರ, ಅವೇ ಮೂರು ಸುತ್ತು, ತುದಿಯೂ ಒಳಗೇ ಇದೆ. ಆದರೆ ಅದು ತಮ್ಮ ಕೈಯಲ್ಲ. "ನನ್ನ ಸೀರೆ ಬೇರೆಯವರ ಮೈಮೇಲೆ ಕಂಡ ಹಾಗಾಯ್ತು." ಒಂದು ಚೀಲ ಬಿಚ್ಚಿ ಮೇಲಿನ ಹಿಡಿ ಮೂಸಿದರು, ಒಳ್ಳೆಯ ಪುಡಿ. ತಳದ ಹಿಡಿ ಮೂಸಿದರು, ಒಣ ಹುಲ್ಲಿನ ವಾಸನೆ. ಬಟ್ಟೆಯ ಮೇಲೆ ಉದುರಿಸಿ ಹದಿನೈದು ಎಣಿಸುವಷ್ಟರಲ್ಲಿ ಕಲೆ ಹಬ್ಬಿತು. ಇನ್ನು ಅರ್ಧ ಗಂಟೆ ತಡವಾಗಿದ್ದರೆ ಹನ್ನೊಂದೂ ಚೀಲ ಯಂತ್ರಕ್ಕೆ ಬಿದ್ದು, ಅಲಮೇಲು ಹೆಸರಿನ ಮೇಲೆ ಊರೆಲ್ಲ ಹಂಚಿಹೋಗುತ್ತಿತ್ತು.

ಯಾರು ಮಾಡಿರಬಹುದು? ತಲೆಯಲ್ಲಿ ಹುಳ ಬಿಟ್ಟಂತಾಯಿತು. ಅವರ ಕಣ್ಣು ನೇರ ಹೋಗಿ ನಿಂತದ್ದು ಗೋದಾಮಿನ ಸೂಪರ್‌ವೈಸರ್ ಮನೀಶನ ಮೇಲೆ. ಮೂವತ್ತೈದರ ಮನೀಶ ಉಲ್ಹಾಸನಗರದಲ್ಲೇ ಹುಟ್ಟಿ ಬೆಳೆದವನು. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಬರುವುದು ಹಿಂದಿಯಲ್ಲಿ. ಎರಡು ತಿಂಗಳಿಂದ ಅವನು ದಿನಾ ಸಂಜೆ ಮೊಬೈಲಿನಲ್ಲಿ ಅವರ ಗಂಟುಗಳ ಫೋಟೊ ಹೊಡೆಯುತ್ತಿದ್ದ. ಇವರೂ ಬಾಯಿ ಬಿಡದೆ ನೋಡುತ್ತಲೇ ಇದ್ದರು. ಗಂಟು ಕಲಿಯುವುದಕ್ಕಲ್ಲದೆ ಇನ್ನೇತಕ್ಕೆ? ಸೀದಾ ಯಜಮಾನರ ಕೋಣೆಗೆ ನುಗ್ಗಿ, ಎಲ್ಲರೆದುರಿಗೇ ಹೇಳಿಬಿಟ್ಟರು: "ದೊರೆ, ನನ್ನ ಗಂಟು ಕದ್ದಿದ್ದಾರೆ. ಮನೀಶನ ಫೋನ್ ತೆಗೆಸಿ ನೋಡಿ."

ಮನೀಶನ ಮುಖ ಕೆಂಪಾಯಿತು, ತಾನು ಮುಟ್ಟಿಯೇ ಇಲ್ಲವೆಂದು ಕೂಗಿದ. "ಆಂಟಿ, ಮೈನೇ ಹಾಥ್ ಭೀ ನಹೀ ಲಗಾಯಾ! ಫೋಟೊ ತೋ ಸೇಠ್‌ನೇ ಬೋಲಾ ಥಾ." ಹೌದು, ಸ್ಟಾಕಿನ ದಾಖಲೆಗೆಂದು ಫೋಟೊ ತೆಗೆಯಲು ಹೇಳಿದವರು ಗಣಪತಿ ರಾಯರೇ. ನೆರಳನ್ನೇ ನಂಬದ ಮನುಷ್ಯ, ದಾರವನ್ನಾದರೂ ಪೂರ್ತಿ ಎಲ್ಲಿ ನಂಬಿದರು? ಅವರು ತುಸು ಮುಜುಗರಪಟ್ಟರು. ಮನೀಶ ಮಾತ್ರ ಪಟ್ಟು ಬಿಡಲಿಲ್ಲ. ಕ್ಯಾಮೆರಾ ಇದೆಯಲ್ಲ, ಶನಿವಾರದ್ದು ತೆಗೆದು ನೋಡೋಣ, ಯಾರು ಕಟ್ಟಿದ್ದೆಂದು ಗೊತ್ತಾಗಲಿ ಎಂದ. ಯಜಮಾನರು ಪಾಸ್‌ವರ್ಡ್ ಬರೆದಿಟ್ಟ ಚೀಟಿ ಹುಡುಕತೊಡಗಿದರು. ಅದು ಪಂಚಾಂಗದೊಳಗಿತ್ತೋ ಹೋಟೆಲಿನ ಗಲ್ಲಾದಲ್ಲಿತ್ತೋ ಅವರಿಗೇ ನೆನಪಿಲ್ಲ.

ಅಷ್ಟರಲ್ಲಿ ಯಾರೋ ಅಲಮೇಲು ಸೆರಗು ಜಗ್ಗಿದರು. ಶರಣಬಸಮ್ಮ. ಕಲಬುರಗಿ ಕಡೆಯವಳು, ಪ್ಯಾಕಿಂಗ್ ಸಾಲಿನಲ್ಲಿ ಮೂರು ವರ್ಷದಿಂದ ಕೆಲಸ, ಮಧ್ಯಾಹ್ನ ಅಲಮೇಲು ಜೊತೆ ಡಬ್ಬಿ ಬಿಚ್ಚುವ ಗೆಳತಿ. ಅವರನ್ನು ಚೀಲಗಳ ಹಿಂದಕ್ಕೆ ಎಳೆದುಕೊಂಡು ಹೋದಳು.

"ಅಕ್ಕಾ, ಅದನ್ನ ನಾನೇ ಕಟ್ಟೀನಿ."

ಶನಿವಾರ ಮಧ್ಯಾಹ್ನ ಅಲಮೇಲು, ನೆಂಟರ ಮನೆಯಲ್ಲಿ ಪೂಜೆ ಎಂದು ಯಜಮಾನರಿಗೆ ಹೇಳಿ ಠಾಣೆಗೆ ಹೋಗಿದ್ದರು. ಪೂಜೆಯೂ ಇರಲಿಲ್ಲ, ನೆಂಟರೂ ಇರಲಿಲ್ಲ. ಬಲಗಣ್ಣಿಗೆ ಪೊರೆ ಬಂದು ಆರು ತಿಂಗಳಾಗಿತ್ತು, ಕಣ್ಣಿನ ಆಸ್ಪತ್ರೆಗೆ ತೋರಿಸಲು ಹೋಗಿದ್ದರು. ಕಣ್ಣು ಮಂಜಾಗಿದೆಯೆಂದು ಗೊತ್ತಾದರೆ ಕಿಟಕಿಯ ಕೆಳಗಿನ ಮಣೆ ಹೋಗಿ ಕೈಗೆ ಮತ್ತೆ ಪೊರಕೆ ಬರುತ್ತದೆಂಬ ಭಯ. ವಿಷಯ ಗೊತ್ತಿದ್ದದ್ದು ಶರಣಬಸಮ್ಮನಿಗೊಬ್ಬಳಿಗೆ. ಸಂಜೆ ನೋಡಿದರೆ ಹನ್ನೊಂದು ಚೀಲ ಬಾಕಿ. ಸೋಮವಾರ ಯಜಮಾನರು ಯಾಕೆ ಬಾಕಿ ಎಂದು ಕೇಳಿದರೆ, ಪೂಜೆಯ ಸುಳ್ಳು ಹೊರಬಿದ್ದರೆ?

"ನೀವೇ ಹೇಳಿದ್ರಲ್ಲ ಅಕ್ಕಾ, ಬಸರಿ ಹೆಣಮಗಳ ಚೀಲ ಬ್ಯಾರೇದವ್ರು ತುಂಬತಿದ್ರು, ಆಕೀದೇ ದಾರ ಕಟ್ಟತಿದ್ರು ಅಂತ. ನಾನೂ ಹಂಗ ಮಾಡೀನಿ. ವಾಸ್ನಿ ನೋಡೇ ಕಟ್ಟೀನಿ ಯವ್ವಾ, ಚಾದ ವಾಸ್ನೀನೇ ಬಂತು!"

"ಎಲ್ಲಿಂದ ತೆಗೆದೆ ಪುಡೀನ?"

"ಮ್ಯಾಲಿಂದ."

ಅಲಮೇಲು ಬೈಯುವುದಾದರೂ ಯಾರನ್ನು? ಊಟದ ಹೊತ್ತಿನಲ್ಲಿ ನಗುನಗುತ್ತ ಆ ರೂಢಿ ಹೇಳಿಕೊಟ್ಟವರು ತಾವೇ. ಅವಳ ಬಲಗೈ ಬೆರಳು ಹಿಡಿದು ಗಂಟು ಹಾಕಲು ಕಲಿಸಿದವರೂ ತಾವೇ; ಆದರೂ ಗೆಳತಿಯ ಮೇಲೆ ಮಾತ್ರ ಅನುಮಾನ ಹೋಗಿರಲಿಲ್ಲ. ಹೇಳದೆ ಬಿಟ್ಟದ್ದು ಒಂದೇ ಮಾತು. ಎಸ್ಟೇಟಿನಲ್ಲಿ ಆ ದಾರ ಹೇಳುತ್ತಿದ್ದದ್ದು ಚೀಲ ಯಾರದ್ದೆಂದು. ಯಾರು ತುಂಬಿದರೂ ಎಲೆ ಎಲೆಯೇ. ಇಲ್ಲಿ ಅದು ಹೇಳುವುದು ಚೀಲದೊಳಗೆ ಏನಿದೆ ಎಂದು. ಇಲ್ಲಿ ಒಬ್ಬರ ಪರವಾಗಿ ಇನ್ನೊಬ್ಬರು ಕಟ್ಟಿದರೆ ಅದು ಉಪಕಾರವಾಗುವುದಿಲ್ಲ, ಸುಳ್ಳಾಗುತ್ತದೆ.

ಕೋಣೆಯಲ್ಲಿ ಪಾಸ್‌ವರ್ಡಿನ ಚೀಟಿ ಸಿಕ್ಕಿತ್ತು. ಮನೀಶ ಕಂಪ್ಯೂಟರಿನ ಮುಂದೆ ಬಗ್ಗಿದ್ದ. ಕ್ಯಾಮೆರಾದಲ್ಲಿ ಕಾಣುವವಳು ಶರಣಬಸಮ್ಮ. ಕೆಲಸ ಹೋಗುವುದೂ ಅವಳದ್ದೇ. ಅಲಮೇಲು ಸುಮ್ಮನೆ ನಿಂತಿದ್ದರೆ ಮಣೆ ಭದ್ರ, ಕಣ್ಣಿನ ಗುಟ್ಟೂ ಭದ್ರ. "ಸುಳ್ಳು ಯಾಕೆ ಹೇಳ್ಲಿ, ಒಂದು ಗಳಿಗೆ ಸುಮ್ಮನಿರೋಣ ಅನ್ನಿಸಿತ್ತು ನನಗೂ" ಎಂದು ಈಗ ಒಪ್ಪಿಕೊಳ್ಳುತ್ತಾರೆ. "ಎಲ್ಲಾರ ಚೀಲಕ್ಕೂ ಕೈ ಹಾಕ್ತೀನಲ್ಲ, ಅವತ್ತು ನನ್ನ ತಳದಲ್ಲಿ ಏನಿದೆ ಅಂತ ನನಗೇ ಕಾಣಿಸ್ತು."

ಒಳಗೆ ಹೋಗಿ ಕೈ ಮುಗಿದರು. "ಕ್ಯಾಮೆರಾ ಬೇಡ ದೊರೆ. ಇವಳು ಕಟ್ಟಿದ್ದು ನನಗೋಸ್ಕರ. ಪೂಜೆ ಅಂದಿದ್ದು ಸುಳ್ಳು, ಕಣ್ಣು ತೋರಿಸೋಕೆ ಹೋಗಿದ್ದೆ. ಬಲಗಣ್ಣು ಸರಿಯಾಗಿ ಕಾಣಲ್ಲ." ಆಮೇಲೆ ಮನೀಶನ ಕಡೆ ತಿರುಗಿ, ಕ್ಷಮೆಯನ್ನು ಅವನ ಮಾತಿನಲ್ಲೇ ಕೇಳಬೇಕೆಂದು ತಮ್ಮ ಹರಕು ಹಿಂದಿಯಲ್ಲೇ ಹೇಳಿದರು: "ಮಾಫ್ ಕರೋ. ತುಮಾರಾ ಗಲ್ತಿ ನಹೀ."

ಗಣಪತಿ ರಾವ್ ಮೊದಲು ಆ ಹನ್ನೊಂದು ಚೀಲ ಕಳಿಸಿದ ದಲಾಲಿಗೆ ಫೋನು ಹಚ್ಚಿ, ಹೊರಗಿನ ರಸ್ತೆಗೂ ಕೇಳುವಂತೆ ಕೂಗಾಡಿದರು. ಆಮೇಲೆ ಇವರ ಕಡೆ ತಿರುಗಿದರು. "ಕಣ್ಣು ಕಾಣುವುದಿಲ್ಲ ಅಂತ ನನ್ನ ಹತ್ರ ಹೇಳ್ಲಿಕ್ಕೆ ಎಂಥ ಭಯ ಅಲಮೇಲಮ್ಮ? ಕಾಣದ ಕಣ್ಣಿಟ್ಕೊಂಡೇ ಹಿಡಿದದ್ದಲ್ವಾ ನೀವು?" ಆದರೆ ಅವರ ಧಾರಾಳಕ್ಕೂ ಒಂದು ಕರಾರು ಅಂಟಿಕೊಂಡೇ ಬಂತು. ಇನ್ನು ಮೇಲೆ ದಿನಾ ಸಂಜೆ ದಾರ ಕಟ್ಟಿದ ಚೀಲಗಳಲ್ಲಿ ಎರಡನ್ನು ಮನೀಶ ತನಗೆ ಬೇಕಾದ ಹಾಗೆ ಆರಿಸಿ ಬಿಚ್ಚಿ ನೋಡಬೇಕು.

ಅಲಮೇಲುಗೆ ಇದರಿಂದ ಅವಮಾನವಾಯಿತೇ? ಪ್ರಶ್ನೆ ಕೇಳಿ ಅವರಿಗೇ ಆಶ್ಚರ್ಯ. "ಅವಮಾನ ಯಾಕೆ? ರೈಟರ್‌ನ ತಕ್ಕಡೀನ ಒಬ್ಬರಾದ್ರೂ ಹೀಗೆ ಬಿಚ್ಚಿ ನೋಡಿದ್ರೆ ನಮ್ಮ ಎರಡು ಕಿಲೋ ಉಳೀತಿತ್ತು. ನೋಡ್ಲಿ. ನೋಡಿದಷ್ಟೂ ಒಳ್ಳೇದು." ಮೂಲೆಯಲ್ಲಿ ನಿಂತಿದ್ದ ಮನೀಶ, "ಆಂಟಿ ಅಬ್ ಮೇರಾ ಫೋಟೊ ಭೀ ಚೆಕ್ ಕರ್ತೀ ಹೈ" ಎಂದು ಗೊಣಗುತ್ತಾನೆ. ಅದೂ ನಿಜ. ಫೋಟೊ ಮಸುಕಾಗಿದ್ದರೆ ಅಲಮೇಲು ಮತ್ತೆ ತೆಗೆಸುತ್ತಾರೆ.

ಬರುವ ಗುರುವಾರ ಕಣ್ಣಿನ ಆಪರೇಶನ್. ಆಮೇಲೆ ಒಂದು ತಿಂಗಳು ಪುಡಿ, ಧೂಳು ಮುಟ್ಟುವಂತಿಲ್ಲ. ಅಷ್ಟು ದಿನ ಮಣೆಯ ಮೇಲೆ ಕೂರುವವಳು ಶರಣಬಸಮ್ಮ. ಹೆಸರು ಸೂಚಿಸಿದವರು ಅಲಮೇಲು. ಯಜಮಾನರು ಹುಬ್ಬು ಗಂಟಿಕ್ಕಿದಾಗ, "ಒಂದು ಸಲ ಮೇಲಿಂದ ತೆಗೆದು ಕೆಟ್ಟವಳು, ಇನ್ನು ಜನ್ಮದಲ್ಲಿ ಮೇಲಿಂದ ತೆಗೆಯಲ್ಲ" ಎಂದರಂತೆ. ಮೂರು ವಾರದಿಂದ ಪಕ್ಕದಲ್ಲೇ ಕೂರಿಸಿಕೊಂಡು ಕಲಿಸುತ್ತಿದ್ದಾರೆ. ಮೆಚ್ಚುಗೆಯ ಮಾತು ಇದುವರೆಗೆ ಒಂದೂ ಬಂದಿಲ್ಲ.

ನಿಮಗೇನಾದರೂ ಆಸೆ ಇದೆಯೇ ಎಂದರೆ ಬಟ್ಟೆ ಹಿಂಡುತ್ತ ಸ್ವಲ್ಪ ಯೋಚಿಸುತ್ತಾರೆ. "ಕಣ್ಣು ಸರಿಯಾದ ಮೇಲೆ ಒಂದು ದಿನ ಡೊಂಬಿವಿಲಿ ಹೋಟೆಲಿಗೆ ಹೋಗಿ, ಗಿರಾಕಿ ಥರ ಕೂತು, ಒಂದು ಕಪ್ ಕುಡೀಬೇಕು. ನಾನು ಯಾರು ಅಂತ ಹೇಳಬಾರ್ದು." ಯಾಕೆ ಹೇಳಬಾರದು? "ಹೇಳಿದ್ರೆ ಒಳ್ಳೇ ಚಹಾ ಕೊಡ್ತಾರಲ್ಲ!"

ಹೊತ್ತು ಎಂಟಾಗಿದೆ. ಹೊರಟವರ ಗುರುತಿನ ಚೀಟಿ ಮಣೆಯ ಕೆಳಗಿನಿಂದ ಹೊರಗೆ ಬರುತ್ತದೆ. ಆ ಹೊತ್ತಿಗೇ ಶರಣಬಸಮ್ಮ, ಇವತ್ತು ಮೊದಲ ಬಾರಿಗೆ ಯಾರ ನೆರವೂ ಇಲ್ಲದೆ ತಾನೊಬ್ಬಳೇ ಪರೀಕ್ಷಿಸಿ ಕಟ್ಟಿದ ಚೀಲವನ್ನು ಎಳೆದು ತಂದು ಅಲಮೇಲು ಎದುರಿಗೆ ನಿಲ್ಲಿಸುತ್ತಾಳೆ. ಬಾಯಿಗೆ ಹಸಿರು ದಾರ, ಅವಳ ಹಳೆಯ ಇಳಕಲ್ ಸೀರೆಯ ಅಂಚು. ಅಲಮೇಲು ಹಸಿರು ಗಂಟು ಬಿಚ್ಚುತ್ತಾರೆ. ಕೈ ಮೊಣಕೈ ತನಕ ಇಳಿಯುತ್ತದೆ. ಹಿಡಿ ಮೇಲೆ ಬರುತ್ತದೆ, ಬಿಸಿಯುಸಿರು, ಮೂಗು, ಹೊಸಕುವ ಬೆರಳು, ಒದ್ದೆ ಬಟ್ಟೆ. ಅರುವತ್ತರ ತನಕ ಎಣಿಸಿದ ಮೇಲೂ ಸಮಾಧಾನವಾಗದೆ ಮತ್ತೊಮ್ಮೆ ಅರುವತ್ತು ಎಣಿಸುತ್ತಾರೆ. ಬಟ್ಟೆ ಬೆಳ್ಳಗೇ ಇದೆ.

ಅಲಮೇಲು ಚೀಲದ ಬಾಯಿ ಮುಚ್ಚಿ ಹಸಿರು ದಾರ ಕೈಗೆತ್ತಿಕೊಳ್ಳುತ್ತಾರೆ. ಎಡಗೈ ತನ್ನ ಅಭ್ಯಾಸದಂತೆ ಒಂದು ಸುತ್ತು ಹಾಕುತ್ತದೆ. ಅಲ್ಲಿಗೇ ನಿಲ್ಲಿಸಿ, ಆ ಸುತ್ತನ್ನು ಬಿಚ್ಚಿ, ದಾರವನ್ನು ಶರಣಬಸಮ್ಮನ ಕೈಗೆ ಕೊಡುತ್ತಾರೆ.

"ನೀನೇ ಕಟ್ಟು. ಇದು ನೀನು ನೋಡಿದ ಚೀಲ."